ಒಂದು ಪಾವಿಗೂ ಕಡಮೆ

ಸ್ವಲ್ಪ ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಮಾತಿಗೆ ಬರವಿಲ್ಲ. ಎಳ್ಳಷ್ಟು, ಚಿಟಿಕೆಯಷ್ಟು, ಕೂದಲೆಳೆಯಷ್ಟು, ಲವಲೇಶ. ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಇವನ್ನೆಲ್ಲ ಹೇಳಿಕೊಂಡು ಬಂದಿದ್ದೇನೆ. ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಮೆಯಾದದ್ದಕ್ಕೆ ಏನೆನ್ನಬೇಕೋ ಕಾಣೆ. ನಮ್ಮ ಚಿಕ್ಕಪ್ಪನ ಗದ್ದೆ ಉಳಿಯುವುದು ಅಳಿಯುವುದು ಮಾತ್ರ ಅಷ್ಟರ ಮೇಲೆಯೇ ನಿಂತಿತ್ತು.

ಮಂಡ್ಯದ ಕಡೆಯ ನಾಲೆ ನೀರಿನ ಗದ್ದೆ. ಎರಡು ವರ್ಷ ಸತತವಾಗಿ, ನಾಟಿಯಾದ ಮೂರನೆಯ ವಾರಕ್ಕೆ ಗರಿಗಳ ಮೇಲೆ ತುಕ್ಕಿನಂಥ ಕಂದು ಚುಕ್ಕೆ ಮೂಡಿ, ಪೈರು ಬೆಳೆಯದೆ ಕುಳಿತುಬಿಟ್ಟಿತು. "ಭೂಮಿ ಸತ್ತೋಗೈತೆ ಕಣಪ್ಪ, ಇನ್ನೊಂದು ಫಸಲು ನೋಡಿ ಮಾರ್ಬುಡ್ತೀನಿ" ಎಂದರು. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಸ್ನೇಹಿತರು ಇದನ್ನು ಕೇಳಿ, ಮಣ್ಣು ತರಿಸಿ ಎಂದರು. ತರಿಸುವುದಕ್ಕೂ ಒಂದು ಶಾಸ್ತ್ರವುಂಟು. ಬದು, ಮರದ ನೆರಳು, ಗೊಬ್ಬರದ ಗುಂಡಿ, ಇವುಗಳ ಬಳಿ ತೆಗೆಯಬಾರದು. ಹತ್ತು ಹದಿನೈದು ಕಡೆ ಆರಂಗುಲ ಆಳಕ್ಕೆ ಅಗೆದು, ಬೆರೆಸಿ, ಪಾಲು ಮಾಡುತ್ತ ಅರ್ಧ ಕೆ.ಜಿ.ಗೆ ಇಳಿಸಬೇಕು. ತಗಡಿನ ಬಕೀಟು ಸರ್ವಥಾ ಕೂಡದು. ಅದರ ಹೊಳಪು ಸತುವಿನ ಲೇಪ, ಅಳೆಯಹೊರಟದ್ದೂ ಸತುವನ್ನೇ.

ಒಣಗಿಸಿದ ಮಣ್ಣಿಗೆ ದ್ರಾವಣ ಹಾಕಿ, ಎರಡು ಗಂಟೆ ಅಲುಗಿಸಿ, ಸೋಸಿ, ಆ ತಿಳಿಯನ್ನು ಜ್ವಾಲೆಗೆ ಸಿಂಪಡಿಸಿದರು. ಜ್ವಾಲೆಯ ಪಕ್ಕದಲ್ಲಿ ಸತುವಿನದೇ ಒಂದು ದೀಪ. ಸತುವಿನ ಪರಮಾಣು ಸತುವಿನ ಬೆಳಕನ್ನು ನುಂಗುತ್ತದೆ. ಬೆಳಕು ಎಷ್ಟು ಕುಗ್ಗಿತೆಂಬುದರಿಂದ ಸತುವಿನ ಲೆಕ್ಕ. ೧೯೫೫ರಲ್ಲಿ ಆಸ್ಟ್ರೇಲಿಯದ ಅಲನ್ ವಾಲ್ಷ್ ತೋರಿಸಿಕೊಟ್ಟ ಉಪಾಯವಿದು. ನನಗೆ ಹಿಡಿಸಿದ್ದು ಬೇರೊಂದು. ಮೊದಲು ಅವರು ಮಣ್ಣೇ ಇಲ್ಲದ ಬರಿಯ ದ್ರಾವಣವನ್ನು ಅಳೆದರು. ನೀರಿನದೆಷ್ಟು, ಗಾಜಿನದೆಷ್ಟು ಎಂದು ತಿಳಿದು, ಅದನ್ನು ಕಳೆದ ಮೇಲೆ ಮಣ್ಣಿನ ಮಾತು. ನಮ್ಮ ವಿಮರ್ಶಕರಲ್ಲಿ ಈ ಪದ್ಧತಿ ಇಲ್ಲ.

ಬಂದದ್ದು ಕೆ.ಜಿ.ಗೆ ೦.೪ ಮಿಲಿಗ್ರಾಂ. ೦.೬ಕ್ಕಿಂತ ಇಳಿದರೆ ಕೊರತೆಯೆಂದು ಲೆಕ್ಕ. ಎಕರೆಯ ಮೇಲಿನ ಆರಂಗುಲ ಮಣ್ಣು ಸುಮಾರು ೯ ಲಕ್ಷ ಕೆ.ಜಿ. ತೂಗುತ್ತದೆ, ಅಷ್ಟರಲ್ಲಿ ಪೈರಿಗೆ ಎಟುಕುವ ಸತು ಸಾಲದೆ ಬಂದದ್ದು ೧೮೦ ಗ್ರಾಂ! "ಒಂದು ಪಾವು ಅಕ್ಕಿ ತೂಕಾನೂ ಇಲ್ವಲ್ಲ ಮೇಷ್ಟ್ರೇ" ಎಂದು ಚಿಕ್ಕಪ್ಪ ನಕ್ಕರು. ಎಕರೆಗೆ ೧೦ ಕೆ.ಜಿ. ಸತುವಿನ ಸಲ್ಫೇಟ್ ಹಾಕಬೇಕೆಂದಾಗ ನಗಲಿಲ್ಲ. ಅದರಲ್ಲಿ ಸತು ಐದನೆಯ ಒಂದು ಪಾಲು, ಅದರಲ್ಲೂ ಬಹುಭಾಗವನ್ನು ಮಣ್ಣೇ ಹಿಡಿದಿಟ್ಟುಕೊಳ್ಳುತ್ತದೆ ಎಂದು ವಿವರಿಸಿದೆ. "ಸೊಸೈಟಿ ಇದ್ದಂಗೆ ಅನ್ನು" ಎಂದು ಒಪ್ಪಿ ಹಾಕಿದರು. ಈ ಸಲ ಪೈರು ಹಸುರಾಗಿ ನಿಂತಿದೆ, ಮಾರುವ ಮಾತಿಲ್ಲ.

ಸ್ನೇಹಿತರು ಹೇಳಿದ ಇನ್ನೊಂದು ಸಂಗತಿಯನ್ನೂ ಅವರಿಗೆ ತಿಳಿಸಿದ್ದೆ. ಬಿಹಾರದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದರು ಇರಾನಿನ ಶಿರಾಜಿನಲ್ಲಿ, ವಯಸ್ಸಿಗೆ ತಕ್ಕಂತೆ ಬೆಳೆಯದ ತರುಣರನ್ನು ಕಂಡು, ಸತುವಿನ ಕೊರತೆಯಿರಬಹುದೆಂದು ೧೯೬೧ರಲ್ಲಿ ಬರೆದರು. ಆ ತರುಣರ ಊಟ ಹುಳಿಬರಿಸದ ಗೋಧಿರೊಟ್ಟಿ. ಜೊತೆಗೆ ಮಣ್ಣನ್ನೂ ತಿನ್ನುತ್ತಿದ್ದರಂತೆ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಅವರ ಮೊಮ್ಮಗ ಓರಗೆಯವರಿಗಿಂತ ಗಿಡ್ಡ.

ಕಳೆದ ವಾರ ಬಸ್ಸಿನವರ ಕೈಯಲ್ಲಿ ಒಂದು ಸಣ್ಣ ಗಂಟು ಬಂತು. ಒಳಗೆ ಎರಡು ಪೊಟ್ಟಣ ಅಕ್ಕಿ, ಹೋದ ವರ್ಷದ್ದೊಂದು, ಅದರ ಹಿಂದಿನದೊಂದು. ಜೊತೆಗೊಂದು ಚೀಟಿ: "ಇದನ್ನೂ ನೋಡ್ಸು. ತಗಡಿನ ಸೇರಲ್ಲಿ ಅಳೆದಿಲ್ಲ."