ಸವೆದ ಹೆಬ್ಬೆರಳು: ಯಾವ ಶಸ್ತ್ರಕ್ರಿಯೆ ಲೇಸು?

ಕಾಯಕವನ್ನು ನಂಬಿ ಬಾಳುವ ಮನೆತನಗಳಲ್ಲಿ ಕೈಯ ಆರೋಗ್ಯವೆಂದರೆ ಮನೆಯ ಆರೋಗ್ಯವೇ ಸರಿ. ಆ ಕೈಯಲ್ಲಿಯೂ ನಾಲ್ಕು ಬೆರಳುಗಳಿಗೆ ಎದುರಾಗಿ ನಿಂತು ದುಡಿಯುವುದು ಹೆಬ್ಬೆರಳೊಂದೇ. ನಮ್ಮ ಮುಗದವು ಭತ್ತದ ಸೀಮೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇಲ್ಲಿದೆ. ಇಲ್ಲಿಯ ತಾಯಂದಿರು ಕುರ್ಚಿಗಿ ಹಿಡಿದು ಕಳೆ ತೆಗೆಯುವಾಗ, ಕುಡಗೋಲಿನಿಂದ ಕೊಯ್ಯುವಾಗ, ರೊಟ್ಟಿಯ ಹಿಟ್ಟು ನಾದುವಾಗ, ಒದ್ದೆ ಬಟ್ಟೆ ಹಿಂಡುವಾಗ ಭಾರವೆಲ್ಲ ಹೆಬ್ಬೆರಳಿನ ಬುಡದ ಕೀಲಿಗೆ ಬೀಳುತ್ತದೆ. ಬೆರಳ ತುದಿಯಲ್ಲಿ ಒಂದು ಕಿಲೋದಷ್ಟು ಬಲದಿಂದ ಚಿವುಟಿದರೆ ಬುಡದಲ್ಲಿ ಸುಮಾರು 12 ಕಿಲೋದಷ್ಟು ಒತ್ತಡವಾಗುವುದೆಂದು ಕೂನಿ ಮತ್ತು ಚಾವೋ ಎಂಬ ತಜ್ಞರು 1977ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ಮಣಿಕಟ್ಟಿನ ಟ್ರಪೀಝಿಯಂ ಎಂಬ ಚಿಕ್ಕ ಎಲುಬಿನ ಮೇಲೆ ಹೆಬ್ಬೆರಳಿನ ಬುಡದ ಎಲುಬು, ಕುದುರೆಯ ಜೀನಿನ ಮೇಲೆ ಸವಾರನು ಕುಳಿತಂತೆ, ಕುಳಿತಿರುತ್ತದೆ. ನಡುವಿನ ಮೃದ್ವಸ್ಥಿ ಸವೆದಾಗ ಎಲುಬಿಗೆ ಎಲುಬು ಉಜ್ಜಿ ನೋವು ಹುಟ್ಟುತ್ತದೆ. ಐವತ್ತು ದಾಟಿದ ಸ್ತ್ರೀಯರಲ್ಲಿ ಇದು ಹೆಚ್ಚು. ಬೆರಳನ್ನು ಆಧರಿಸುವ ಪಟ್ಟಿ, ನೋವಿನ ಔಷಧಿ, ಕೀಲಿಗೆ ಕೊಡುವ ಚುಚ್ಚುಮದ್ದು ಇವುಗಳಿಂದಲೇ ಅನೇಕರ ಬದುಕು ಸಾಗುತ್ತದೆ. ಸಾಗದಿದ್ದಾಗ ಮಾತ್ರ ಶಸ್ತ್ರಕ್ರಿಯೆಯ ಮಾತು.

ನಮ್ಮ ಅಕ್ಕನವರು ಈ ನೋವನ್ನು ವರ್ಷಗಟ್ಟಲೆ ಮುಚ್ಚಿಟ್ಟಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಪೂಜೆಗೆ ಕುಳಿತಾಗ ಅವರ ಹೆಬ್ಬೆರಳು ನಡುಗುವುದನ್ನು ಕಂಡ ಬಳಿಕವೇ ಮನೆಯವರಿಗೆ ಸಂಗತಿ ತಿಳಿಯಿತು. ಒಬ್ಬ ವೈದ್ಯರು ಎಲುಬನ್ನು ತೆಗೆದರೆ ಸಾಕೆಂದರು. ಮತ್ತೊಬ್ಬರು ತೆಗೆದು ಸ್ನಾಯುರಜ್ಜುವಿನಿಂದ ಬಿಗಿಯಬೇಕೆಂದರು. ಪುಣೆಯಲ್ಲಿರುವ ಬಂಧುಗಳು ಲೋಹದ ಕೀಲು ಹಾಕಿಸಿರೆಂದರು. ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತ ಹೇಳಲಾಗದೆಂದು ಮಠದ ಪಾಠಶಾಲೆಯಲ್ಲಿ ಕಲಿತವರು ನಾವು. ಆದುದರಿಂದ ಒಂದೊಂದು ಪಕ್ಷವನ್ನೂ ವಿಚಾರಿಸಿ ನೋಡಿದೆವು.

ಮೊದಲನೆಯದು ಸವೆದ ಎಲುಬನ್ನು ತೆಗೆದುಬಿಡುವುದು. ಇಂಗ್ಲೆಂಡಿನ ಜರ್ವಿಸ್ ಎಂಬ ಶಸ್ತ್ರವೈದ್ಯರು 1949ರಲ್ಲಿ ಇದನ್ನು ಪ್ರಕಟಿಸಿದರು. ತೆರವಾದ ಸ್ಥಳದಲ್ಲಿ ಗಟ್ಟಿಯಾದ ಅಂಗಾಂಶ ಬೆಳೆದು ಬೆರಳಿಗೆ ಆಧಾರವಾಗುತ್ತದೆ. ಬೆರಳು ತುಸು ಗಿಡ್ಡವಾಗುತ್ತದೆ. ಅದು ಕುಸಿದೀತೆಂಬ ಶಂಕೆಯಿಂದ ಎರಡನೆಯ ವಿಧಾನ ಬಂದಿತು. 1986ರಲ್ಲಿ ಬರ್ಟನ್ ಮತ್ತು ಪೆಲೆಗ್ರಿನಿ ಎಂಬವರು ಮುಂಗೈಯ ಒಂದು ಸ್ನಾಯುರಜ್ಜುವನ್ನು ಬಳಸಿ ಬೆರಳನ್ನು ತೂಗುಹಾಕಿ, ಉಳಿದ ರಜ್ಜುವನ್ನು ಸುರುಳಿ ಸುತ್ತಿ ತೆರವಿನಲ್ಲಿ ತುಂಬುವ ಕ್ರಮವನ್ನು ವಿವರಿಸಿದರು. ಮೂರನೆಯದು ಎರಡೂ ಎಲುಬುಗಳನ್ನು ಒಂದಾಗಿ ಬೆಸೆಯುವುದು. ಗಟ್ಟಿ ಹಿಡಿತ ಬೇಕಾದ ಎಳೆಯ ದುಡಿಮೆಗಾರರಿಗೆ ಇದನ್ನು ಹೇಳುವುದುಂಟು. ಆದರೆ ಆಮೇಲೆ ಅಂಗೈಯನ್ನು ಪೂರ್ತಿ ಚಪ್ಪಟೆಯಾಗಿ ಹರಡಲಾಗದು. ಕೆಲವೊಮ್ಮೆ ಬೆಸುಗೆಯೇ ಕೂಡುವುದಿಲ್ಲ. ನಾಲ್ಕನೆಯದು ಕೃತಕ ಕೀಲು. 1970ರ ದಶಕದಲ್ಲಿ ಫ್ರಾನ್ಸಿನ ದ ಲಾ ಕಾಫಿನಿಯೇರ್ ಗುಂಡು-ಬಟ್ಟಲಿನ ರೂಪದ ಕೀಲನ್ನು ತಂದರು. ಇಂದಿನ ಸುಧಾರಿತ ಕೀಲುಗಳಿಂದ ಆರಂಭದಲ್ಲಿ ಬೇಗ ಚೇತರಿಕೆಯಾಗುತ್ತದೆ, ಬೆರಳಿನ ಉದ್ದವೂ ಉಳಿಯುತ್ತದೆ. ಆದರೆ ಖರ್ಚು ಹೆಚ್ಚು. ಕೀಲು ಸಡಿಲಾದರೆ ಇಲ್ಲವೆ ಜಾರಿದರೆ ಮತ್ತೆ ಶಸ್ತ್ರಕ್ರಿಯೆ ಬೇಕಾದೀತು.

ಹಾಗಾದರೆ ಯಾವುದು ಮಿಗಿಲು? ಇಂಗ್ಲೆಂಡಿನಲ್ಲಿ ಡೇವಿಸ್ ಮತ್ತು ಸಂಗಡಿಗರು 183 ಹೆಬ್ಬೆರಳುಗಳನ್ನು ಮೂರು ಗುಂಪು ಮಾಡಿದರು. ಕೆಲವಕ್ಕೆ ಎಲುಬನ್ನು ಮಾತ್ರ ತೆಗೆದರು, ಕೆಲವಕ್ಕೆ ರಜ್ಜುವನ್ನು ತುಂಬಿದರು, ಕೆಲವಕ್ಕೆ ರಜ್ಜುವಿನಿಂದ ಬಿಗಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ವರ್ಷದ ಬಳಿಕ ನೋವಿನಲ್ಲಾಗಲಿ ಬಲದಲ್ಲಾಗಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. 2015ರ ಕಾಕ್ರೇನ್ ಸಮೀಕ್ಷೆಯೂ ಯಾವ ವಿಧಾನವೂ ಉಳಿದವುಗಳಿಗಿಂತ ಮೇಲೆಂದು ಸಿದ್ಧವಾಗಿಲ್ಲವೆಂದೇ ಹೇಳಿತು. ಹೆಚ್ಚು ಜಟಿಲವಾದುದೇ ಹೆಚ್ಚು ಶ್ರೇಷ್ಠವೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ವಿಧಾನಕ್ಕಿಂತ ದೊಡ್ಡ ಪ್ರಶ್ನೆಯೊಂದು ಮನೆಯೊಳಗಿದೆ. ಎಲುಬು ತೆಗೆದ ಮೇಲೆ ಕೆಲವು ವಾರ ಕೈ ಪಟ್ಟಿಯಲ್ಲಿರಬೇಕು. ಸುಮಾರು ಮೂರು ತಿಂಗಳು ಭಾರದ ಕೆಲಸ ಕೂಡದು. ಪೂರ್ತಿ ಗುಣ ಕಾಣಲು ಆರು ತಿಂಗಳಿಂದ ವರ್ಷವೇ ಬೇಕಾದೀತು. ಅಷ್ಟು ದಿನ ರೊಟ್ಟಿ ಯಾರು ಬಡಿಯಬೇಕು, ಹಿಂಡಿ ಯಾರು ಕಲಸಬೇಕು ಎಂಬುದನ್ನು ನಿಶ್ಚಯಿಸದೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅರ್ಧ ಚಿಕಿತ್ಸೆ. ನಮ್ಮ ಅಕ್ಕನವರು ಸರಳ ವಿಧಾನವನ್ನೇ ಆರಿಸಿಕೊಂಡರು. ಸೊಸೆಯಂದಿರು ಕೆಲಸ ಹಂಚಿಕೊಂಡರು. ಅಳಿಯಂದಿರು ದನದ ಮನೆ ನೋಡಿಕೊಂಡರು. ಬಿಗಿಯಾದ ಡಬ್ಬಿಯ ಮುಚ್ಚಳ ತೆರೆಯಲು ಅವರು ಇಂದಿಗೂ ಇನ್ನೊಬ್ಬರನ್ನು ಕರೆಯುತ್ತಾರೆ. ರಾತ್ರಿ ಮಾತ್ರ ನೋವಿಲ್ಲದೆ ನಿದ್ರಿಸುತ್ತಾರೆ.

ಆದುದರಿಂದ ಬಂಧುಗಳು ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಹಿಂದಿನ ಕಿಮ್ಸ್) ಹೋಗಲಿ, ಬೇರೆಡೆಗೆ ಹೋಗಲಿ, ಎಲುಬಿನ ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಬೇಕು. ಶಸ್ತ್ರಕ್ರಿಯೆಯಿಲ್ಲದೆ ಇನ್ನೂ ಸಾಗಬಹುದೇ? ತಾವು ಹೇಳುವ ವಿಧಾನವು ಈ ಕೈಯ ಕೆಲಸಕ್ಕೆ ಹೇಗೆ ಒಪ್ಪುತ್ತದೆ? ಮುಂದೆ ತೊಂದರೆಯಾದರೆ ದಾರಿ ಏನು? ಅದಕ್ಕೂ ಮೊದಲು ನಮ್ಮ ನಮ್ಮ ಮನೆಗಳಲ್ಲಿ ಹಿಟ್ಟು ನಾದುವ ಕೈಗಳನ್ನೊಮ್ಮೆ ಹಿಡಿದು, ಎಲ್ಲಿ ನೋಯುತ್ತದೆಯೆಂದು ವಿಚಾರಿಸೋಣ. ಕೇಳುವವರಿಲ್ಲದ ಕಾರಣಕ್ಕೇ ಅನೇಕ ತಾಯಂದಿರು ನೋವನ್ನು ಹೇಳದೆ ಉಳಿದಿದ್ದಾರೆ.