ಹೆಲ್ಮೆಟ್ಟಿಗೊಂದು ಮೇಲ್ಮನವಿ

ನ್ಯೂಜೆರ್ಸಿಯ ಎಡಿಸನ್. ಕ್ಲಿನಿಕ್ಕಿನ ಒಳಕೋಣೆಯಲ್ಲಿ ಐದು ತಿಂಗಳ ಮಗಳು ನನ್ನ ಗಂಡನ ತೊಡೆಯೇರಿ ಕೂತಿದ್ದಾಳೆ. ತಂತ್ರಜ್ಞೆ ಅವಳ ತಲೆಗೆ ಕಾಲುಚೀಲದಂಥ ಬಿಳಿ ಬಟ್ಟೆ ಎಳೆದು, ಮುಖದಷ್ಟು ಜಾಗ ಬಿಟ್ಟು, ಸ್ಕ್ಯಾನರ್ ಸುತ್ತಿಸುತ್ತಾರೆ. ಮೇಲಿನಿಂದ ಕಂಡ ತಲೆ ಪರದೆಯ ಮೇಲೆ ಮೂಡುತ್ತದೆ. ಬಲಗಡೆ ಹಿಂಭಾಗ ಚಪ್ಪಟೆ. ಬಲಗಿವಿ ಮುಂದಕ್ಕೆ ಸರಿದಿದೆ. ಒಂದು ಓರೆ ಅಳತೆ 139 ಮಿ.ಮೀ., ಇನ್ನೊಂದು 126. ವ್ಯತ್ಯಾಸ ಶೇ. 9.4. ಶೇ. 3.5ರೊಳಗಿದ್ದರೆ ಸಹಜ. ‘ಐದು ಹಂತಗಳಲ್ಲಿ ಇದು ನಾಲ್ಕನೆಯದು’ ಎನ್ನುತ್ತಾರೆ ಆಕೆ. ದಿನಕ್ಕೆ 23 ಗಂಟೆ ಹೆಲ್ಮೆಟ್ ಹಾಕಬೇಕು. ಬೆಲೆ 3,000 ಡಾಲರ್.

ಸಂಜೆ ವಿಡಿಯೊದಲ್ಲಿ ತುಮಕೂರಿನಿಂದ ಅಮ್ಮ. “ಸಾಸಿವೆ ದಿಂಬು ಹಾಕೇ ಅಂತ ಆವತ್ತೇ ಹೇಳಿದ್ನಲ್ಲೇ.”

“ಇಲ್ಲಿ ತೊಟ್ಟಿಲಲ್ಲಿ ದಿಂಬೇ ಇಡಬಾರದು ಅಂತಾರಮ್ಮ.”

ಅದು ನಿಜ. ಕೂಸುಗಳು ನಿದ್ದೆಯಲ್ಲೇ ಹಠಾತ್ತನೆ ತೀರಿಕೊಳ್ಳುವುದನ್ನು ತಡೆಯಲು ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಮಗುವನ್ನು ಬೋರಲು ಮಲಗಿಸಬೇಡಿ ಎಂದಿತು. ಅಂಗಾತ ಮಲಗಿಸುವುದು ರೂಢಿಯಾದ ಮೇಲೆ ಅಂಥ ಸಾವುಗಳು ಅರ್ಧಕ್ಕರ್ಧ ಇಳಿದವು. ಚಪ್ಪಟೆ ತಲೆಗಳು ಹೆಚ್ಚಿದವು. ನಮ್ಮ ಮಗುವಿಗೆ ಕತ್ತಿನ ಒಂದು ಪಕ್ಕದ ಸ್ನಾಯು ಬಿಗಿದು, ಅದು ಒಂದೇ ಕಡೆ ತಿರುಗಿಕೊಂಡು ಮಲಗುತ್ತಿತ್ತು. ಎರಡು ತಿಂಗಳು ಫಿಸಿಯೊಥೆರಪಿ ಆಗಿದೆ. ಕತ್ತು ಸಡಿಲವಾಯಿತು, ತಲೆ ಹಾಗೇ ಉಳಿಯಿತು.

ಈಗ ಅಡುಗೆಮನೆಯ ಮೇಜಿನ ಮೇಲೆ ವಿಮಾ ಕಂಪನಿಯ ಪತ್ರ ಬಿಚ್ಚಿಕೊಂಡಿದೆ. ಕೋಡ್ ಎಸ್1040, ತಲೆಯ ಆಕಾರ ತಿದ್ದುವ ಹೆಲ್ಮೆಟ್. ‘ವೈದ್ಯಕೀಯವಾಗಿ ಅಗತ್ಯವಿಲ್ಲ. ಸೌಂದರ್ಯಕ್ಕೆ ಸಂಬಂಧಿಸಿದ್ದು.’ ಕೆಳಗೆ 2014ರ ಒಂದು ಡಚ್ ಅಧ್ಯಯನದ ಹೆಸರು.

ಇವರು ಅದನ್ನು ಹುಡುಕಿ ತೆಗೆಯುತ್ತಾರೆ. 84 ಮಕ್ಕಳು, ಹೆಲ್ಮೆಟ್ ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. “ಇಲ್ಲಿ ನೋಡು,” ಎಂದು ಬೆರಳಿಟ್ಟು ತೋರಿಸುತ್ತಾರೆ. ಕತ್ತು ತಿರುಚಿಕೊಂಡ ಮಕ್ಕಳನ್ನು ಅದರಲ್ಲಿ ಸೇರಿಸಿಯೇ ಇಲ್ಲ. ಅಂದ ಮೇಲೆ ನಮ್ಮ ಮಗುವಿನ ವಿಷಯದಲ್ಲಿ ಆ ಅಧ್ಯಯನ ತೀರ್ಪು ಕೊಡಲಾರದು. 2016ರಲ್ಲಿ ಅಮೆರಿಕದ ನರಶಸ್ತ್ರತಜ್ಞರ ಮಾರ್ಗಸೂಚಿ, ವ್ಯಾಯಾಮ ಮಾಡಿಸಿ, ಮಲಗಿಸುವ ಭಂಗಿ ಬದಲಿಸಿದ ಮೇಲೂ ಮಧ್ಯಮ ಅಥವಾ ತೀವ್ರ ವಕ್ರತೆ ಉಳಿದರೆ ಹೆಲ್ಮೆಟ್ಟನ್ನೇ ಶಿಫಾರಸು ಮಾಡಿದೆ.

ಮರುದಿನ ಫೋನು. ಕಾಯಿಸುವ ಸಂಗೀತ ಮುಗಿದು ಒಂದು ದನಿ ಬಂದಾಗ ಕೇಳಬೇಕಾದ್ದು ಒಂದೇ: ಪಾಲಿಸಿ ಪುಸ್ತಕದಲ್ಲೇ ಹೆಲ್ಮೆಟ್ ಹೊರಗಿದೆಯೋ, ಇಲ್ಲಾ ‘ಅಗತ್ಯವಿಲ್ಲ’ ಎಂದು ನಿಮ್ಮವರು ತೀರ್ಮಾನಿಸಿದ್ದೋ? ಪುಸ್ತಕದಲ್ಲೇ ಹೊರಗಿದ್ದರೆ ಆಫೀಸಿನ ಎಚ್‌ಆರ್ ಬಾಗಿಲು ತಟ್ಟಬೇಕು. ಉದ್ಯೋಗದಾತರೇ ದುಡ್ಡು ಕೊಡುವ ಪ್ಲ್ಯಾನುಗಳಲ್ಲಿ ನಿಯಮ ಅವರದ್ದೇ. ನಮ್ಮ ವಿಷಯದಲ್ಲಿ ಅದು ಕಂಪನಿಯವರ ತೀರ್ಮಾನ. ಅಂದರೆ 180 ದಿನದೊಳಗೆ ಕಂಪನಿಗೇ ಮೇಲ್ಮನವಿ ಹಾಕಬಹುದು. ಅಲ್ಲೂ ಬೇಡವೆಂದರೆ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳಬಹುದು. ಅಲ್ಲಿ ಕೊಟ್ಟ ತೀರ್ಮಾನಕ್ಕೆ ಕಂಪನಿ ತಲೆಬಾಗಲೇಬೇಕು.

ಆದರೆ ತಲೆಬುರುಡೆ ಅಷ್ಟು ಕಾಯುವುದಿಲ್ಲ. ಅದು ಭರದಿಂದ ಬೆಳೆಯುವ ಈ ತಿಂಗಳುಗಳಲ್ಲೇ ಹೆಲ್ಮೆಟ್ ಚೆನ್ನಾಗಿ ಕೆಲಸ ಮಾಡುವುದು. ಅದಕ್ಕೇ ನಮ್ಮ ಮಕ್ಕಳ ಡಾಕ್ಟರು ಕಂಪನಿಯ ಡಾಕ್ಟರ ಜೊತೆ ನೇರ ಮಾತುಕತೆಗೆ ಸಮಯ ಕೇಳಿದ್ದಾರೆ.

ಮಧ್ಯಾಹ್ನ ನಮ್ಮ ಡಾಕ್ಟರದ್ದೇ ಕರೆ. “ಫಿಸಿಯೊಥೆರಪಿಯ ಟಿಪ್ಪಣಿ ಕಂಪನಿಯವರ ಫೈಲಿನಲ್ಲಿ ಇರಲೇ ಇಲ್ಲ. ಎರಡು ತಿಂಗಳ ವ್ಯಾಯಾಮ ಆಗಿದೆ ಅನ್ನೋದೇ ಅವರಿಗೆ ಗೊತ್ತಿಲ್ಲ!”

ಇವರು ಪ್ರಿಂಟರ್ ಹಚ್ಚುತ್ತಾರೆ. ಪ್ರತಿ ಭೇಟಿಯ ಟಿಪ್ಪಣಿ, ಸ್ಕ್ಯಾನಿನ ಅಳತೆ, ಮೇಲಿನಿಂದ ತೆಗೆದ ಫೋಟೊ, ಡಾಕ್ಟರ ಪತ್ರ, ಮಾರ್ಗಸೂಚಿಯ ಪುಟ. ನಾನು ಕ್ಲಿನಿಕ್ಕಿಗೆ ಮುಂಗಡ ಕಟ್ಟಿ ರಸೀತಿ ಎತ್ತಿಡುತ್ತೇನೆ. ತಯಾರಿ ಶುರುವಾಗಲಿ, ದುಡ್ಡಿನ ಹೋರಾಟ ಪಕ್ಕದಲ್ಲಿ ನಡೆಯಲಿ. ಮೇಲ್ಮನವಿ ಫ್ಯಾಕ್ಸ್‌ನಲ್ಲಿ ಹೋಗುತ್ತದೆ, ತಲುಪಿದ ಚೀಟಿ ಬರುತ್ತದೆ.

ತೀರ್ಮಾನ ಇನ್ನೂ ಬರಬೇಕು. ಇಂಥದೇ ಪತ್ರ ಹಿಡಿದು ಕೂತ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟು: ಯಾಕೆ ಕೊಡುವುದಿಲ್ಲ ಎಂದು ವಾದಕ್ಕಿಳಿಯುವ ಮೊದಲು, ನಿಮ್ಮ ಮಗುವಿನ ಯಾವ್ಯಾವ ಕಾಗದ ಅವರ ಕೈ ಸೇರಿದೆ ಎಂದು ಕೇಳಿ.