ಎಕ್ಸ್‌ನ ಬೆಲೆ 10 ಆಗಿಯೇ ಉಳಿದದ್ದು

ಅಭ್ಯಾಸ ಬೋಧನೆಯಲ್ಲಿ ಅದು ನನ್ನ ಒಂಬತ್ತನೆಯ ಪಾಠ. ಪ್ರಥಮ ಪಿಯುಸಿ ಗಣಕವಿಜ್ಞಾನ; ವಿಷಯ, ಪೈಥಾನ್‌ನಲ್ಲಿ ವೇರಿಯಬಲ್‌ಗಳ ವ್ಯಾಪ್ತಿ. ಮಕ್ಕಳ ಕುತೂಹಲ ಕೆರಳಿಸಲೆಂದು ಪಾಠ ಯೋಜನೆಯ ಕೊನೆಗೆ ಎಕ್ಸೆಕ್ ಸೇರಿಸಿಕೊಂಡಿದ್ದೆ. ಉದ್ಧರಣ ಚಿಹ್ನೆಗಳ ನಡುವೆ ಬರೀ ಅಕ್ಷರಗಳಾಗಿ ಕೊಟ್ಟ ಸಾಲನ್ನು ಅದು ಪ್ರೋಗ್ರಾಂ ನಡೆಯುತ್ತಿರುವಾಗಲೇ ಕೋಡ್ ಆಗಿ ನಡೆಸುತ್ತದೆ. "ಆ ಸಾಲನ್ನು ನಾವೇ ಅಲ್ಲಿ ಟೈಪ್ ಮಾಡಿದ ಹಾಗೆ" ಎಂದು ವಿವರಿಸಿದೆ. ಎಕ್ಸ್‌ಗೆ 10 ಕೊಟ್ಟು, ಎಕ್ಸೆಕ್ ಮೂಲಕ 20 ಮಾಡಿ, ಪ್ರಿಂಟ್ ಮಾಡಿ ತೋರಿಸಿದೆ. 20 ಬಂತು.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಅದೇ ಮೂರು ಸಾಲುಗಳನ್ನು ಒಂದು ಫಂಕ್ಷನ್ ಒಳಗೆ ಬರೆದಿದ್ದಳು. "ಮಿಸ್, ನನಗೆ 10 ಬರ್ತಿದೆ." ಗಂಟೆ ಹೊಡೆಯಲು ಐದು ನಿಮಿಷವಿತ್ತು, ಮಾರ್ಗದರ್ಶಕರು ಕುಳಿತು ನೋಡುತ್ತಿದ್ದರು. ಅವಳ ಪರದೆಯನ್ನು ನೋಡದೆಯೇ, "ಎಲ್ಲೋ ತಪ್ಪು ಟೈಪ್ ಮಾಡಿದ್ದೀಯಮ್ಮಾ, ಇನ್ನೊಮ್ಮೆ ಬರಿ" ಎಂದೆ. ಅವಳು ಬರೆದದ್ದನ್ನೆಲ್ಲ ಅಳಿಸಿದಳು.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: "ವಿದ್ಯಾರ್ಥಿನಿಯ ಉತ್ತರವನ್ನು ಪರಿಶೀಲಿಸಲಿಲ್ಲ."

ಆ ರಾತ್ರಿ ನಾನೇ ಮಾಡಿ ನೋಡಿದೆ. ಅವಳೇ ಸರಿ. ಫಂಕ್ಷನ್ ಕಂಪೈಲ್ ಆಗುವಾಗಲೇ ಅದರ ಒಳಗಿನ ವೇರಿಯಬಲ್‌ಗಳಿಗೆ ಜಾಗ ಗೊತ್ತಾಗಿಬಿಡುತ್ತದೆ. ಎಕ್ಸೆಕ್ ಕೈಗೆ ಸಿಗುವುದು ಆ ಬೆಲೆಗಳ ನಕಲು ಇರುವ ಒಂದು ಡಿಕ್ಷನರಿ ಮಾತ್ರ. 20 ಎಂದು ಬದಲಾದದ್ದು ನಕಲಿನಲ್ಲಿ. ಮೂಲದಲ್ಲಿ 10 ಹಾಗೇ ಉಳಿದಿತ್ತು. ಫಂಕ್ಷನ್ ಹೊರಗಾದರೆ ಮೂಲ ಡಿಕ್ಷನರಿಯೇ ಸಿಗುತ್ತದೆ, ಹಾಗಾಗಿ ನನ್ನ ಉದಾಹರಣೆ ಸರಿಹೋಗಿತ್ತು. ನಾನು ನಂಬಿದ್ದು ಪೈಥಾನ್ 2ರ ಕಾಲದ ಟಿಪ್ಪಣಿಯನ್ನು. ಅದರಲ್ಲಿ ಫಂಕ್ಷನ್ ಒಳಗಿನ ಬೆಲೆಯೂ ಬದಲಾಗುತ್ತಿತ್ತು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಹಾಗಿಲ್ಲ.

ಮರುದಿನ ಹಾಜರಿ ಪುಸ್ತಕದ ಒಂದು ಪುಟದ ಜೆರಾಕ್ಸ್ ಒಯ್ದೆ. ಅದರಲ್ಲಿ ಒಬ್ಬ ಗೈರುಹಾಜರಾದವನನ್ನು ಹಾಜರು ಎಂದು ತಿದ್ದಿ, "ಪುಸ್ತಕದಲ್ಲಿ ಏನಿರುತ್ತೆ?" ಎಂದು ಕೇಳಿದೆ. "ಗೈರುಹಾಜರಿ!" ಎಂದು ತರಗತಿ ಕೂಗಿತು. ಆಮೇಲೆ ಆ ಹುಡುಗಿಯನ್ನು ಹಲಗೆಯ ಬಳಿ ಕರೆದು, "ನಿನ್ನೆ ತಪ್ಪು ನನ್ನದು" ಎಂದು ಎಲ್ಲರ ಮುಂದೆ ಹೇಳಿದೆ. ಅವಳು ತನ್ನ ಫಂಕ್ಷನನ್ನು ಮತ್ತೆ ಬರೆದಳು. ನಮ್ಮದೇ ಒಂದು ಡಿಕ್ಷನರಿಯನ್ನು ಎಕ್ಸೆಕ್‌ಗೆ ಕೊಟ್ಟು, ಹೊಸ ಬೆಲೆಯನ್ನು ಅದರಿಂದ ಓದಿಕೊಳ್ಳುವುದನ್ನು ಎಲ್ಲರೂ ಸೇರಿ ಮಾಡಿದೆವು.

ಅಂದಿನಿಂದ ನನ್ನ ಪಾಠ ಯೋಜನೆಯಲ್ಲಿ ಪ್ರತಿ ಉದಾಹರಣೆಯನ್ನೂ ಫಂಕ್ಷನ್ ಒಳಗೆ ಒಮ್ಮೆ, ಹೊರಗೆ ಒಮ್ಮೆ ನಡೆಸಿ ನೋಡಿರುತ್ತೇನೆ. ಆದರೂ ಯಾವುದೋ ಮಗು ಬೇರೆ ಉತ್ತರ ತೋರಿಸುತ್ತದೆ. ಆಗ ಮಾತಾಡುವ ಮೊದಲು ಅದರ ಪರದೆಯ ಬಳಿಗೆ ಹೋಗುತ್ತೇನೆ.